ಗಾಳಿ ಇರಲಿಲ್ಲ

ಬಾವುಟ ಅಲುಗಿದ್ದನ್ನು ನಾನು ನೋಡಿದ್ದೆ. ನೋಡಿಯೂ ಮಣ್ಣು ತೆಗೆಸಲಿಲ್ಲ. ಮಣ್ಣಿನ ಕೆಳಗಿದ್ದ ತಿಮ್ಮ ಸತ್ತ. ಸತ್ತವನು ಕುಡಿದು ಗುಂಡಿಗೆ ಇಳಿದಿದ್ದ ಎಂದು ಆಮೇಲೆ ನಾನೇ ಹೇಳಿದೆ. ಅದು ಸುಳ್ಳು — ತಿಮ್ಮ ತನ್ನ ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಮುಪ್ಪು ಬರಬೇಕಾಯಿತು. ಕೈಗೆ ಮೈಕು ಕೊಟ್ಟರೆ ಬಾಯಿ ನಿಲ್ಲದ ಮನುಷ್ಯ ನಾನು. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ನನ್ನ ಗಂಟಲು ಕೇಳದ ಹಳ್ಳಿ ಇರಲಿಲ್ಲ. ಮೈಕ್ ರಂಗಣ್ಣ ಅಂದರೆ ಹಿರಿಯರು ಈಗಲೂ ಗುರುತು ಹಿಡಿಯುತ್ತಾರೆ. ಊರಿಗೆಲ್ಲ ಕೇಳುವಂತೆ ಇಲ್ಲದ್ದನ್ನು ಇದೆ ಅಂದವನು, ಇದ್ದದ್ದನ್ನು ಮಾತ್ರ — ಇರಲಿ, ಮೊದಲಿಂದ ಹೇಳುತ್ತೇನೆ.

ನಾನು ಸೈಕಲ್ ಸರ್ಕಸ್ ನಡೆಸುತ್ತಿದ್ದೆ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆನೆ ಇಲ್ಲ, ಹುಲಿ ಇಲ್ಲ, ಡೇರೆ ಇಲ್ಲ, ಟಿಕೆಟ್ಟೂ ಇಲ್ಲ. ಬಡವರು ಬಡವರಿಗೆ ತೋರಿಸುತ್ತಿದ್ದ ಸರ್ಕಸ್ಸು. ಊರ ಬಯಲಲ್ಲಿ ಒಂದು ಕಂಬ ನೆಟ್ಟು, ತುದಿಗೆ ಮೈಕಿನ ಹಾರನ್ ಕಟ್ಟಿ, ಸುತ್ತ ಟ್ಯೂಬ್‌ಲೈಟು ಹಾಕುತ್ತಿದ್ದೆವು. ಒಬ್ಬ ಸೈಕಲ್ ಹತ್ತಿದನೆಂದರೆ ಆಟ ಮುಗಿಯುವವರೆಗೆ ನೆಲಕ್ಕೆ ಕಾಲಿಡುವಂತಿಲ್ಲ. ದಿನಗಟ್ಟಲೆ ಕಂಬದ ಸುತ್ತ ಸುತ್ತಬೇಕು. ಉಣ್ಣುವುದು, ಸ್ನಾನ ಮಾಡುವುದು, ಗಡ್ಡ ಹೆರೆದುಕೊಳ್ಳುವುದು, ತೂಕಡಿಸುವುದು ಎಲ್ಲ ಅದರ ಮೇಲೆಯೇ. ಹೆಂಗಸರು ಮುದ್ದೆ ಸಾರು ತಂದು ಸೈಕಲ್ಲಿನ ಪಕ್ಕದಲ್ಲೇ ಓಡುತ್ತಾ ಅವನ ಕೈಗೆ ಕೊಡುತ್ತಿದ್ದರು. ಆ ನಗು, ಆ ಕೂಗಾಟ! ಹೊಟ್ಟೆ ತುಂಬಿದ್ದು ಸೈಕಲ್ ತುಳಿದವನಿಗೋ ಓಡಿದವರಿಗೋ ಹೇಳುವುದು ಕಷ್ಟ.

ತುಳಿಯುವವನು ತಿಮ್ಮ. ಮಾತಾಡುವವನು ನಾನು. ತರೀಕೆರೆಯಲ್ಲಿ ನನ್ನದೊಂದು ಬಾಡಿಗೆ ಸೈಕಲ್ಲಿನ ಅಂಗಡಿ ಇತ್ತು. ತಿಮ್ಮ ಹಿರೇನಲ್ಲೂರಿನ ಕಡೆಯವನು. ಕುರಿ ಕಾಯುವ ಮನೆಯ ಹುಡುಗ. ಗಂಟೆಯ ಬಾಡಿಗೆಗೆ ಸೈಕಲ್ ಒಯ್ದು, ಸಂಜೆಯಾದರೂ ಹಿಂದಕ್ಕೆ ಬರದೆ, ಕೊನೆಗೆ ಹ್ಯಾಂಡಲ್ ಬಿಟ್ಟು ಸೀಟಿನ ಮೇಲೆ ನಿಂತುಕೊಂಡು ಬಂದ. ಬೈಯಬೇಕೆಂದು ಹೊರಗೆ ಬಂದ ನಾನು ಬಾಯಿ ತೆರೆದುಕೊಂಡು ನಿಂತೆ. ಅವನನ್ನು ನಾನೇ ಈ ಕಸುಬಿಗೆ ಎಳೆದೆ. ಅವನಾಗಿ ಬಂದವನಲ್ಲ.

ಕೊನೆಯ ದಿನದ ಆಟ ಸಮಾಧಿ. ಆಳೆತ್ತರದ ಗುಂಡಿ ತೋಡಿ, ತಿಮ್ಮನನ್ನು ಒಳಗೆ ಮಲಗಿಸಿ, ಹಲಗೆ ಹೊದಿಸಿ, ಮೇಲೆ ಮಣ್ಣು ಎಳೆಯುತ್ತಿದ್ದೆವು. ಜನ ಊದುಬತ್ತಿ ಹಚ್ಚುತ್ತಿದ್ದರು, ಮುದುಕಿಯರು ಅಳುತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ಎಬ್ಬಿಸಿದರೆ ಅವನು ಮಣ್ಣು ಕೊಡವಿಕೊಂಡು ಕೈಮುಗಿಯುತ್ತಿದ್ದ. ಮಾಟವೂ ಇಲ್ಲ, ಮಂತ್ರವೂ ಇಲ್ಲ. ಉಸಿರನ್ನು ಸಣ್ಣಗೆ ಇಳಿಸಿ ಎಳೆಯುವ ಅಭ್ಯಾಸ, ಅಷ್ಟೇ. ಅದಕ್ಕೇ ಅವನು ಬೀಡಿಯನ್ನೂ ಮುಟ್ಟುತ್ತಿರಲಿಲ್ಲ. ನಾನು ಸೇದಿದರೆ ದೂರ ಹೋಗಿ ಕೂರುತ್ತಿದ್ದ.

ಗುಂಡಿಯ ಮೇಲೆ ಒಂದು ಕೆಂಪು ಬಾವುಟ ನೆಡುತ್ತಿದ್ದೆವು. ನೋಡುವವರಿಗೆ ಅದು ಅಲಂಕಾರ. ನಮಗೆ ಅದೇ ಜೀವ. ಬಾವುಟದ ಕಡ್ಡಿಯಿಂದ ಸಣ್ಣ ಹಗ್ಗವೊಂದು ಹಲಗೆಯ ಸಂದಿನಿಂದ ಒಳಗಿಳಿದು ತಿಮ್ಮನ ಬೆರಳಿಗೆ ಸುತ್ತಿಕೊಂಡಿರುತ್ತಿತ್ತು. ಒಂದು ಸಲ ಅಲುಗಿದರೆ ಚೆನ್ನಾಗಿದ್ದೀನಿ ಎಂದು. ಬಿಡದೆ ಅಲುಗಿದರೆ ತೆಗೆಯಿರಿ ಎಂದು. ಇದು ನಮ್ಮಿಬ್ಬರಿಗಷ್ಟೇ ಗೊತ್ತು. ಅವನ ಹೆಂಡತಿ ಜಯಮ್ಮನಿಗೂ ಹೇಳಿರಲಿಲ್ಲ. ಹೇಳಿದರೆ ಆಟದ ಗುಟ್ಟು ಹೋಗುತ್ತದೆಂದು ನಾನೇ ತಡೆದಿದ್ದೆ. ಜಯಮ್ಮ ಭಯಪಟ್ಟಾಗಲೆಲ್ಲ ತಿಮ್ಮ ನನ್ನ ಕಡೆ ತಿರುಗಿ ನಗುತ್ತಿದ್ದ.

"ಮೇಲೆ ಅಣ್ಣ ನಿಂತಿರ್ತಾನಲ್ಲ ಬಿಡೇ. ನಂಗೇನಾಯ್ತದೆ?"

ಆ ಅಣ್ಣ ನಾನು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇತ್ತು. ಗುಂಡಿಯ ಮಣ್ಣಿಗೆ ಮೊದಲ ಗುದ್ದಲಿ ನಾವು ಹಾಕುವಂತಿಲ್ಲ. ಊರಿನ ದೊಡ್ಡವರು ಹಾಕಬೇಕು. ಸತ್ತಂತಿದ್ದವನನ್ನು ಊರೇ ಎಬ್ಬಿಸಿತು ಎಂಬ ಭಾವ. ಮೊದಮೊದಲು ಊರ ಗೌಡರೋ ಶಾಲೆಯ ಮೇಷ್ಟರೋ ಹಾಕುತ್ತಿದ್ದರು. ಅವರು ಅಲ್ಲೇ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ನಾನು ಕಣ್ಣು ಮಿಟುಕಿಸಿದರೆ ಪಂಚೆ ಎತ್ತಿಕಟ್ಟಿ ಎದ್ದು ಬರುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಹಳ್ಳಿಗಳಲ್ಲಿ ಯುವಕ ಸಂಘಗಳು ಹುಟ್ಟಿದವು, ಕರಪತ್ರಗಳು ಬಂದವು, ಕರಪತ್ರದಲ್ಲಿ ಹೆಸರು ಹಾಕಿಸಿಕೊಳ್ಳಲು ದೊಡ್ಡ ಮನುಷ್ಯರು ಬಂದರು. ಊರಿನ ಗೌಡ ಸಾಲದಾದ. ಹೊರಗಿನಿಂದ ಕಾರಿನಲ್ಲಿ ಬರುವವರೇ ದೊಡ್ಡವರು ಅಂತಾಯಿತು. ನಮ್ಮ ಹರಕು ಆಟಕ್ಕೂ ಮುಖ್ಯ ಅತಿಥಿ! ನನಗೆ ಅದರಿಂದ ಎಷ್ಟು ಹೆಮ್ಮೆಯಾಗಿತ್ತು ಅಂದರೆ — ನಾಚಿಕೆಯಾಗುತ್ತದೆ ಹೇಳಲು. ಸೈಕಲ್ ಪಂಕ್ಚರ್ ಹಾಕುತ್ತಿದ್ದವನು ದೊಡ್ಡವರ ಹೆಸರನ್ನು ಮೈಕಿನಲ್ಲಿ ಕೂಗುವವನಾಗಿದ್ದೆ. ಅವರು ತಡವಾಗಿ ಬರುತ್ತಿದ್ದರು. ಯಾವಾಗಲೂ ತಡವೇ. ತಿಮ್ಮ ಒಮ್ಮೆ ಹೇಳಿದ್ದ.

"ಅಣ್ಣ, ಅವ್ರು ಬಂದ್ಮೇಲೆ ನಾನು ಇಳೀತೀನಿ ಕಣಣ್ಣ. ಇಳಿದ್ಮೇಲೆ ಅವ್ರನ್ನ ಕಾಯೋದು ಬ್ಯಾಡ."

ಸರಿ ಕಣೋ ಅಂದೆ. ಅಂದವನು ಮುಂದಿನ ಊರಿನಲ್ಲೇ ಮರೆತೆ. ಯಾಕೆಂದರೆ ಒಳಗೊಬ್ಬ ಮಲಗಿದ್ದಾನೆ, ಅತಿಥಿಗಳು ಬರುತ್ತಿದ್ದಾರೆ, ಬರುತ್ತಿದ್ದಾರೆ ಅಂದಾಗ ಆ ಬಯಲಿಗೆ ಒಂದು ಕಾವು ಏರುತ್ತಿತ್ತು. ಅದರ ರುಚಿ ನನಗೆ ಹತ್ತಿಬಿಟ್ಟಿತ್ತು.

ಕಡೂರು ಕಡೆಯ ಯಗಟಿಯಲ್ಲಿ ಆದದ್ದೂ ಅದೇ.

ಅಂಥ ಜನವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಸುತ್ತಲ ಹಳ್ಳಿಯವರೆಲ್ಲ ಬಂದಿದ್ದರು. ಕುರಿ ಕಾಯುವವರು ಮಂದೆಯನ್ನು ತೋಟದ ಬದುವಿನಲ್ಲಿ ಬಿಟ್ಟು, ಹೆಗಲ ಮೇಲಿನ ಕಂಬಳಿಯನ್ನೇ ಹಾಸಿ ಕೂತಿದ್ದರು. ಹುಡುಗರು ತೆಂಗಿನ ಮರ ಏರಿದ್ದರು. ನಡು ಮಧ್ಯಾಹ್ನ ಕಳೆದ ಬಿಸಿಲು. ತಿಮ್ಮ ಸೈಕಲ್ಲಿನಿಂದ ಇಳಿದು, ಕಾಲು ತಡವರಿಸುತ್ತಾ ಗುಂಡಿಯ ಹತ್ತಿರ ಬಂದ. ದಿನಗಟ್ಟಲೆ ತುಳಿದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅತಿಥಿಗೋಳು ಬಂದ್ರಾ ಅಣ್ಣ?" ಅಂದ.

"ಹೊರಟವ್ರಂತೆ ಕಣೋ. ನೀನು ಇಳಿ, ಅಷ್ಟೊತ್ತಿಗೆ ಬತ್ತಾರೆ" ಅಂದೆ.

ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿದ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅಣ್ಣನ ಮಾತು ಮೀರುವ ಅಭ್ಯಾಸ ಅವನಿಗಿರಲಿಲ್ಲ. ಬೆರಳಿಗೆ ಹಗ್ಗ ಸುತ್ತಿಕೊಂಡು ಇಳಿದ.

ಮಣ್ಣು ಎಳೆದೆವು. ನಾನು ಮೈಕು ಹಿಡಿದೆ. ಬಾವುಟ ಒಂದು ಸಲ ಅಲುಗಿತು — ಚೆನ್ನಾಗಿದ್ದೀನಿ ಎಂದು. ನಾನು ಮಾತಾಡುತ್ತಾ ಹೋದೆ. ಎಂದಿನ ಹೊತ್ತು ಕಳೆಯಿತು. ಅತಿಥಿಗಳು ಬರಲಿಲ್ಲ. ಸಂಘದ ಹುಡುಗನೊಬ್ಬ ಬೈಕಿನಲ್ಲಿ ಬಂದು, "ಕಡೂರು ಬಿಟ್ಟವ್ರೆ ರಂಗಣ್ಣ, ಬಂದ್ಬಿಟ್ರು ಅನ್ಕಳಿ" ಅಂದ. ಅದನ್ನೂ ಮೈಕಿನಲ್ಲಿ ಹೇಳಿದೆ. ಜನ ರಸ್ತೆಯ ಕಡೆ ತಿರುಗಿದರು. ನಾನೊಬ್ಬ ಬಾವುಟದ ಕಡೆ ಮುಖ ಮಾಡಿ ನಿಂತಿದ್ದೆ.

ಆಗ ಅದು ಅಲುಗಿತು. ನಿಂತಿತು. ಮತ್ತೆ ಅಲುಗಿತು. ಆಮೇಲೆ ನಿಲ್ಲಲೇ ಇಲ್ಲ.

ನನ್ನ ಕಾಲ ಬಳಿಯೇ ಗುದ್ದಲಿ ಇತ್ತು. ಪೂಜೆ ಮಾಡಿ, ಹೂವು ಏರಿಸಿ ಇಟ್ಟ ಗುದ್ದಲಿ. ಅದನ್ನು ಎತ್ತಿಕೊಂಡು ಒಂದು ಏಟು ಹಾಕಿದ್ದರೆ ಸಾಕಿತ್ತು, ಹತ್ತು ಜನ ಓಡಿ ಬರುತ್ತಿದ್ದರು. ಆಟ ಕೆಡುತ್ತಿತ್ತು. ಪದ್ಧತಿ ಮುರಿಯುತ್ತಿತ್ತು. ಕಾರು ಬಂದಾಗ ಅತಿಥಿಗಳಿಗೆ ಮಾಡಲು ಕೆಲಸ ಇರುತ್ತಿರಲಿಲ್ಲ. ಅಷ್ಟೇ ಆಗುತ್ತಿದ್ದದ್ದು. ಅಷ್ಟೇ.

ಮುಂದಿನ ಸಾಲಿನ ಒಬ್ಬ ಮುದುಕ ಬಾವುಟವನ್ನು ಕೈ ಮಾಡಿ ತೋರಿಸಿದ. "ಇದ್ಯಾಕಪ್ಪಾ ಹಿಂಗೆ ಆಡ್ತೈತೆ?" ಅಂದ. ಸುತ್ತಲಿನವರು ನೋಡತೊಡಗಿದರು. ನಾನು ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡೆ. ಏನು ಹೇಳಿದೆ ಎಂಬುದು ಅಕ್ಷರ ಬಿಡದೆ ನೆನಪಿದೆ.

"ನೋಡ್ರಪ್ಪಾ ನೋಡ್ರಿ, ಯಗಟಿ ಗಾಳಿಗೆ ನಮ್ಮ ತಿಮ್ಮಣ್ಣನ ಬಾವುಟ ಹೆಂಗೆ ಕುಣೀತೈತೆ! ಜೋರಾಗಿ ಚಪ್ಪಾಳೆ ಬರ್ಲಿ!"

ಗಾಳಿ ಇರಲಿಲ್ಲ. ತೆಂಗಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. ಆದರೂ ಜನ ಚಪ್ಪಾಳೆ ಹೊಡೆದರು. ನಾನು ಹೇಳಿದೆನೆಂದು ಹೊಡೆದರು. ಮೈಕಿನಲ್ಲಿ ಬಂದದ್ದನ್ನು ತಮ್ಮ ಮೈಗೆ ತಾಕದ ಗಾಳಿಗಿಂತ ಹೆಚ್ಚಾಗಿ ನಂಬಿದರು. ಆ ಚಪ್ಪಾಳೆ ಕೆಳಗಿನವನಿಗೆ ಕೇಳಿಸಿತೋ ಇಲ್ಲವೋ — ಅದನ್ನು ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ.

ಬಾವುಟ ನಿಂತುಹೋಯಿತು. ಸುಮ್ಮನಾದ, ಸುಧಾರಿಸಿಕೊಂಡ ಎಂದುಕೊಂಡೆ. ಎಂದುಕೊಂಡೆನೇ? ಇಲ್ಲ. ಹಾಗೆ ಎಂದುಕೊಳ್ಳಲು ಹೆಣಗಿದೆ.

ಕಾರು ಬಂತು. ಹಾರ ಹಾಕಿದರು. ಆ ದೊಡ್ಡ ಮನುಷ್ಯರು ಈಗ ಇಲ್ಲ, ಅವರ ಹೆಸರು ಬೇಡ. ಅವರಿಗೆ ಬಾವುಟದ ಗುಟ್ಟು ತಿಳಿಯದು. ಅವರು ಮೈಕು ಕೇಳಿದರು, ಕೊಟ್ಟೆ. ಗ್ರಾಮೀಣ ಕಲೆ ಉಳಿಯಬೇಕು ಎಂದು ಮಾತಾಡಿದರು. ಆಗಲಾದರೂ ಅವರ ಮಾತನ್ನು ತಡೆಯಬಹುದಿತ್ತು. ಕೈಕಟ್ಟಿ ನಿಂತು ತಲೆಯಾಡಿಸುತ್ತಿದ್ದೆ.

ಮಣ್ಣು ತೆಗೆದಾಗ ಜಯಮ್ಮ ಮೊದಲು ಕೂಗಿದಳು. ನಾನು ಗುಂಡಿಗೆ ಧುಮುಕಿದೆ. ತಿಮ್ಮನ ಬೆರಳಿಗೆ ಹಗ್ಗ ಬಿಗಿದು ಚರ್ಮ ಕಿತ್ತುಬಂದಿತ್ತು. ನೋಡಿ, ಆ ಗಳಿಗೆಯಲ್ಲಿ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಅವನ ಎದೆಗೆ ಕಿವಿ ಕೊಡಲಿಲ್ಲ. ಬೆರಳಿನಿಂದ ಹಗ್ಗ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಆಸ್ಪತ್ರೆಯ ದಾರಿಯಲ್ಲೇ ಎಲ್ಲ ಮುಗಿಯಿತು. ವಿಚಾರಿಸಲು ಬಂದ ಪೊಲೀಸರಲ್ಲಿ ಒಬ್ಬರು, ನನಗೆ ಸಹಾಯ ಮಾಡಲೋ ಅಥವಾ ಬೇಗ ಮನೆಗೆ ಹೋಗಲೋ, "ಏನಪ್ಪಾ, ಕುಡಿದಿದ್ನಾ?" ಅಂದರು. ಹೂಂ ಅಂದರೆ ಸಾಕಿತ್ತು. ನನ್ನ ಬಾಯಿ ಅಲ್ಲಿಗೆ ನಿಲ್ಲಬೇಕಲ್ಲ!

"ಹೂಂ ಸ್ವಾಮಿ. ಬ್ಯಾಡ ಕಣೋ ಅಂತ ಕೈ ಹಿಡ್ಕಂಡೆ, ಕೇಳ್ಳಿಲ್ಲ. ಹಾಕ್ಕಂಡೇ ಇಳ್ದ."

ಕೈ ಹಿಡಿದುಕೊಂಡದ್ದು, ಬೇಡ ಅಂದದ್ದು — ಇವನ್ನು ಯಾರೂ ಕೇಳಿರಲಿಲ್ಲ. ನಾನಾಗಿ ಸೇರಿಸಿದೆ. ಆಟಕ್ಕೆ ಬಣ್ಣ ಕಟ್ಟಿ ಅಭ್ಯಾಸವಾದ ನಾಲಿಗೆ, ಸಾವಿಗೂ ಬಣ್ಣ ಕಟ್ಟಿತು. ಆ ಮಾತು ಸಂಜೆಯೊಳಗೆ ಯಗಟಿಯನ್ನು ದಾಟಿ ಹಿರೇನಲ್ಲೂರು ಸೇರಿತು. ಗುಂಡಿಯಲ್ಲಿ ಸತ್ತವನೆಂದು ಅವನನ್ನು ನೆನೆದವರಿಲ್ಲ. ಕುಡಿದು ಸತ್ತವನೆಂದೇ ನೆನೆದರು.

ಜಯಮ್ಮ ಒಂದೇ ಒಂದು ಸಲ ಕೇಳಿದಳು. ಹನ್ನೊಂದರ ಕಾರ್ಯ ಮುಗಿದು ಎಲ್ಲರೂ ಹೋದ ಮೇಲೆ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಸರೋಜ ಆಗ ಇನ್ನೂ ಹಾಲುಹಲ್ಲಿನ ಕೂಸು.

"ಭಾವ, ನಿಜ ಹೇಳಿ. ಅವ್ರು ಕುಡೀತಿದ್ರಾ? ನಂಗೆ ಒಂದಿನಾನೂ ವಾಸ್ನೆ ಬರ್ಲಿಲ್ವಲ್ಲ."

ಅವಳ ಮುಖದಲ್ಲಿ ಬೇಡಿಕೆ ಇತ್ತು. ಇಲ್ಲ ಅನ್ನಿ ಎಂಬ ಬೇಡಿಕೆ. ನಾನು ನೆಲ ನೋಡುತ್ತಾ, "ನಿಂಗೆ ಗೊತ್ತಾಗದಂಗೆ ಕುಡೀತಿದ್ದ ಕಣಮ್ಮ" ಅಂದೆ. ಅವಳು ಆಮೇಲೆ ಕೇಳಲಿಲ್ಲ. ಕೂಲಿನಾಲಿ ಮಾಡಿ ಮಗಳನ್ನು ಸಾಕಿದಳು. ಗಂಡ ತನಗೆ ಮೋಸ ಮಾಡಿದ ಎಂದು ನಂಬಿಕೊಂಡೇ ಕಣ್ಣು ಮುಚ್ಚಿದಳು. ಆ ಒಂದು ಸಾವಿನ ಮೇಲೆ ನಾನು ಎಷ್ಟು ಜನರನ್ನು ಹೂತೆ ಎಂಬುದು ಅವಳು ಹೋದ ಮೇಲೆ ತಿಳಿಯಿತು.

ಸೈಕಲ್ ಸರ್ಕಸ್ ನಾನು ಬಿಟ್ಟೆ. ಮೈಕು ಬಿಡಲಿಲ್ಲ. ಶಾಲೆಗಳಲ್ಲಿ ಜಾದೂ ತೋರಿಸುವವರ ಜೊತೆ ಹೋದೆ, ಹಾಡು ಕುಣಿತದ ತಂಡಗಳ ಜೊತೆ ಹೋದೆ. ಊರೂರಿಗೆ ಟೀವಿ ಬಂತು, ಬಯಲು ಖಾಲಿಯಾಯಿತು. ಆಮೇಲೆ ಬಯಲೇ ಹೋಯಿತು. ನಾವು ಕಂಬ ನೆಡುತ್ತಿದ್ದ ಜಾಗಗಳಲ್ಲಿ ಈಗ ಲೇಔಟು, ಮಳಿಗೆ, ಸಮುದಾಯ ಭವನ. ಅಜ್ಜಂಪುರ ತಾಲ್ಲೂಕಾಯಿತು, ರಸ್ತೆಗಳು ಅಗಲವಾದವು, ಒಳ್ಳೆಯದೇ. ನಾವು ಬೆವರು ಸುರಿಸಿ ತೋಡುತ್ತಿದ್ದ ಗುಂಡಿಯನ್ನು ಜೆಸಿಬಿ ಒಂದು ಸಲ ಬಾಯಿ ಹಾಕಿ ತೋಡುತ್ತದೆ. ಹಳೆಯದೆಲ್ಲ ಚಿನ್ನ ಎನ್ನುವ ಮುದುಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಳೆಯ ಕಾಲದಲ್ಲೇ ನಾನು ಈ ಕೆಲಸ ಮಾಡಿದ್ದು.

ಕೊನೆಗೆ ಆಟೋ ಪ್ರಚಾರಕ್ಕೆ ಇಳಿದೆ. ತರೀಕೆರೆಯಲ್ಲಿ ಬಟ್ಟೆ ಅಂಗಡಿ, ಕಣ್ಣಿನ ತಪಾಸಣೆ, ತೆಂಗಿನ ಗೊಬ್ಬರ, ಯಾವುದಾದರೂ ಸರಿ, ಹಿಂದಿನ ಸೀಟಿನಲ್ಲಿ ಕೂತು ಕೂಗುವುದು. ಒಂದು ದಿನ ಆಟೋದವನು, "ತಾತ, ಒಂದ್ಸಲ ಮೊಬೈಲ್ನಾಗೆ ಹೇಳ್ಬಿಡಿ" ಅಂದ. ಹೇಳಿದೆ. ಅವನು ರೆಕಾರ್ಡ್ ಮಾಡಿಕೊಂಡ, ಮಾರನೆಯ ದಿನದಿಂದ ನನ್ನ ಅಗತ್ಯ ಬೀಳಲಿಲ್ಲ. ಈಗ ನಾನು ಜಗುಲಿಯ ಮೇಲೆ ಕೂತಿರುತ್ತೇನೆ, ನನ್ನ ಧ್ವನಿ ಎದುರಿನ ರಸ್ತೆಯಲ್ಲಿ ಹಾದು ಹೋಗುತ್ತದೆ. ಬನ್ನಿ ಬನ್ನಿ ಅನ್ನುತ್ತದೆ. ಎಷ್ಟು ಸಲೀಸಾಗಿ ನಂಬಿಸುತ್ತದೆ ಈ ಗಂಟಲು ಎಂದು ನನಗೇ ಹೇಸಿಗೆಯಾಗುತ್ತದೆ.

ದೊಡ್ಡವರು ಈಗಲೂ ತಡವಾಗಿಯೇ ಬರುತ್ತಾರೆ. ಮೊನ್ನೆ ಮೊನ್ನೆ ಒಂದು ಸಭೆಯಲ್ಲಿ ಶಾಲೆಯ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಕಾಯುತ್ತಿದ್ದರು. ಒಂದು ಹೆಣ್ಣುಮಗು ತಲೆ ತಿರುಗಿ ಬಿತ್ತು. ಮೈಕಿನವನು ಇನ್ನೇನು ಬಂದೇಬಿಟ್ಟರು ಅನ್ನುತ್ತಿದ್ದ. ನಾನು ಎದ್ದು ಹೋದೆ. ಈ ದೇಶದಲ್ಲಿ ಮೇಲಿನವರು ಬರುವವರೆಗೆ ಕೆಳಗಿನವರು ಉಸಿರು ಹಿಡಿದುಕೊಂಡಿರಬೇಕು ಎಂದು ಬೈದುಕೊಂಡೆ. ಬೈದ ಮೇಲೆ ಅನಿಸಿತು — ದೇಶವನ್ನು ಬೈದು ನಾನು ತಪ್ಪಿಸಿಕೊಳ್ಳುತ್ತಿದ್ದೇನೆ. ಗುದ್ದಲಿ ದೇಶದ ಕಾಲ ಬಳಿ ಇರಲಿಲ್ಲ. ನನ್ನ ಕಾಲ ಬಳಿ ಇತ್ತು.

ಸರೋಜ ಈಗ ಶಿವನಿಯಲ್ಲಿದ್ದಾಳೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಗಂಡ ಕುಮಾರ, ಸಾಧು ಮನುಷ್ಯ. ಒಬ್ಬನೇ ಮಗ ಮಂಜ, ಕಾಲುವೆ ಕೆಲಸದಲ್ಲಿ ಜೆಸಿಬಿ ಓಡಿಸುತ್ತಾನೆ. ಸರೋಜ ನನ್ನನ್ನು ದೊಡ್ಡಪ್ಪ ಅನ್ನುತ್ತಾಳೆ. ನನಗೆ ಮಕ್ಕಳಿಲ್ಲವೆಂದು ಹಬ್ಬಹುಣ್ಣಿಮೆಗೆ ಕರೆಸಿಕೊಂಡು ಉಣ್ಣಿಸುತ್ತಾಳೆ, ಹೊರಡುವಾಗ ಚೀಲಕ್ಕೆ ರಾಗಿಹಿಟ್ಟು ಹಾಕುತ್ತಾಳೆ. "ನಮ್ಮಪ್ಪನ್ನ ಕೈ ಹಿಡ್ದು ಬ್ಯಾಡ ಅಂದೋರು ನೀವೊಬ್ರೇ" ಎಂದು ಒಮ್ಮೆ ಅಂದಳು. ತುತ್ತು ಬಾಯಲ್ಲೇ ನಿಂತಿತು. ನುಂಗಿದೆ. ನುಂಗುವುದೂ ಅಭ್ಯಾಸವಾಗಿತ್ತು.

ಮಾರ್ಲಮಿ ಹಬ್ಬಕ್ಕೆ ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ಬಾಳೆಲೆಯ ಮುಂದೆ ಇಟ್ಟು, ಹೊಸಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತು ಕಾದು ಮತ್ತೆ ತೆಗೆಯುತ್ತಾರೆ. ಜಯಮ್ಮನ ಎಡೆಗೆ ಎಲೆಅಡಿಕೆ, ಕಡ್ಲೆಪುರಿ. ತಿಮ್ಮನ ಎಡೆಗೆ ಹೆಂಡ.

ಹೌದು, ಪ್ರತಿ ವರ್ಷ. ಜಯಮ್ಮ ಇದ್ದಾಗ ಹೆಂಡದ ಕುಡಿಕೆ, ಆಮೇಲೆ ಸಾರಾಯಿ ಪ್ಯಾಕೆಟ್ಟು, ಆಮೇಲೆ ಕ್ವಾರ್ಟರ್ ಬಾಟಲಿ, ಈಗೀಗ ಹಣ್ಣಿನ ರಸದ ಹಾಗೆ ಕಾಣುವ ಟೆಟ್ರಾ ಪ್ಯಾಕು. ದೇಶ ಹೇಗೆ ಬದಲಾಯಿತು ಎಂದು ನನ್ನನ್ನು ಕೇಳಿದರೆ, ತಿಮ್ಮನ ಎಡೆಯ ಮುಂದೆ ಕೂತು ನೋಡಿದೆ ಅನ್ನಬೇಕು. ಸರೋಜಳಿಗೆ ಆ ವಾಸನೆ ಕಂಡರೆ ಆಗದು. ಸೆರಗು ಮೂಗಿಗೆ ಹಿಡಿದು, ಮುಖ ತಿರುಗಿಸಿ ಇಡುತ್ತಿದ್ದಳು. ಅಪ್ಪನಿಗೆ ಇಡುವ ಎಡೆಯಿಂದ ಮುಖ ತಿರುಗಿಸುವ ಮಗಳನ್ನು ನೋಡುತ್ತಾ ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಒಂದು ವರ್ಷವೂ ಬಾಯಿ ಬಿಡಲಿಲ್ಲ.

ಈ ವರ್ಷ ಎಡೆಗೆ ಎಲ್ಲ ಸಿದ್ಧವಾಗಿತ್ತು. ಪ್ಯಾಕು ತರಲು ಹೋಗಿದ್ದ ಮಂಜ ಸಂಜೆ ಬಂದು ಅದನ್ನು ಎಲೆಯ ಮುಂದೆ ಇಟ್ಟಾಗ ಅವನ ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಸರೋಜ ಅವನ ಕೆನ್ನೆಗೆ ಹೊಡೆದು ಅಳತೊಡಗಿದಳು.

"ಎಷ್ಟ್ ಕಾದ್ರೇನು, ಆ ರಕ್ತ ಎಲ್ಲಿ ಹೋಯ್ತದೆ? ನಿಮ್ಮ ತಾತಂದೇ ಬುದ್ಧಿ ಬಂತಲ್ಲೋ!"

ಮಂಜ ನಕ್ಕ. ಕೆಟ್ಟ ನಗುವಲ್ಲ, ಸೋತವನ ನಗು. "ಬಿಡವ್ವಾ. ತಾತನೂ ಕುಡ್ದೇ ಸತ್ತಿದ್ದು, ನಾನೂ ಹಂಗೇ ಸಾಯ್ತೀನಿ. ನಮ್ಮನೇಲಿ ಇದೇ ತಾನೇ?"

ಆ ಹುಡುಗ ತಿಮ್ಮನನ್ನು ನೋಡಿದವನೇ ಅಲ್ಲ. ನಾನು ಯಾರೋ ಕೇಳಿದ್ದಕ್ಕೆ ಆಡಿದ ಒಂದು ಮಾತು, ಇಷ್ಟು ವರ್ಷ ನಡೆದುಕೊಂಡು ಬಂದು, ಅವನ ಹೆಗಲ ಮೇಲೆ ಕೈಹಾಕಿ ನಿಂತಿತ್ತು. ನಾನು ಗೋಡೆ ಹಿಡಿದು ಎದ್ದೆ. ಧೈರ್ಯ ಬಂತೆಂದು ತಿಳಿಯಬೇಡಿ. ಇನ್ನು ಹೊರಲಾಗಲಿಲ್ಲ, ಅಷ್ಟೇ.

"ನಿಮ್ಮಪ್ಪ ಕುಡೀತಿರ್ಲಿಲ್ಲ ಕಣಮ್ಮ" ಅಂದೆ. "ಒಂದು ತೊಟ್ಟೂ ಮುಟ್ಟಿದೋನಲ್ಲ. ನಾನು ಸುಳ್ಳು ಹೇಳ್ದೆ."

ಸರೋಜಳಿಗೆ ಅರ್ಥವಾಗಲಿಲ್ಲ. ನಾನು ಅವಳನ್ನು ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡಳು. "ಹೋಗ್ಲಿ ಬಿಡಿ ದೊಡ್ಡಪ್ಪ" ಅಂದಳು. ಆಗ ಎಲ್ಲವನ್ನೂ ಹೇಳಿದೆ. ಹಗ್ಗ, ಬಾವುಟ, ಕಾರು, ನಾನು ಮೈಕಿನಲ್ಲಿ ಆಡಿದ ಮಾತು, ಬೆರಳಿನಿಂದ ಬಿಚ್ಚಿದ ಹಗ್ಗ, ಅವಳ ತಾಯಿ ಕೇಳಿದ ಪ್ರಶ್ನೆ. ನನ್ನ ಧ್ವನಿ ಮೊದಲ ಸಲ ಒಡೆಯಿತು. ಜನ್ಮವಿಡೀ ಮಾತನ್ನೇ ಮಾರಿದವನು, ತಡವರಿಸಿ, ನಿಂತು, ಹಿಂದಕ್ಕೆ ಹೋಗಿ, ಮತ್ತೆ ಹೇಳಿದೆ.

ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು.

"ನಮ್ಮವ್ವ ಕೇಳ್ದಾಗ್ಲೂ ಹೇಳ್ಳಿಲ್ವಾ?"

"ಇಲ್ಲ ಕಣಮ್ಮ."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಎಡೆಯ ಮುಂದಿನಿಂದ ಆ ಪ್ಯಾಕು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಎಸೆದು ಬಂದಳು. ಕೈ ತೊಳೆದಳು. ಎರಡು ಸಲ ತೊಳೆದಳು. ನನ್ನ ಕಡೆ ನೋಡದೆ ಕೇಳಿದಳು.

"ಹಂಗಾರೆ ನಮ್ಮಪ್ಪಂಗೆ ಏನ್ ಇಷ್ಟ ಇತ್ತು?"

ಇಷ್ಟು ದೊಡ್ಡ ಮಗಳಿಗೆ ಅಪ್ಪನ ಬಾಯಿರುಚಿ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನನ್ನೇ ಅವಳು ಕೇಳಬೇಕಾಗಿದೆ.

"ನಿಂಬೆಹಣ್ಣಿನ ಪಾನ್ಕ ಕಣಮ್ಮ. ಗುಂಡಿಯಿಂದ ಎದ್ಮೇಲೆ ಒಂದು ಚೊಂಬು ಕುಡೀತಿದ್ದ. ಬೆಲ್ಲ ಜಾಸ್ತಿ ಹಾಕ್ಬೇಕಿತ್ತು."

ಅವಳು ಒಳಗೆ ಹೋಗಿ ಬೆಲ್ಲ ಕುಟ್ಟಿದಳು. ಮಂಜ ಅಲ್ಲೇ ಕಂಬಕ್ಕೆ ಒರಗಿ ತಲೆತಗ್ಗಿಸಿ ಕೂತಿದ್ದವನು ಎದ್ದು, ಮುಖ ತೊಳೆದುಕೊಂಡು ಬಂದು, ನಿಂಬೆಹಣ್ಣು ಹಿಂಡಿಕೊಟ್ಟ. ಚೊಂಬನ್ನು ಎಲೆಯ ಪಕ್ಕದಲ್ಲಿ ಇಟ್ಟಳು. ಈ ಸಲ ಮುಖ ತಿರುಗಿಸಲಿಲ್ಲ. ಧೂಪ ಹಾಕಿದರು, ಎಲ್ಲರೂ ಅಡ್ಡಬಿದ್ದರು. ನಾನು ಬೀಳಲು ಹೋಗಲಿಲ್ಲ. ಆ ಯೋಗ್ಯತೆ ನನಗಿಲ್ಲ.

ಎಲ್ಲರೂ ಹೊರಗೆ ಬಂದೆವು. ಕುಮಾರ ಪದ್ಧತಿಯಂತೆ ಬಾಗಿಲ ಚಿಲಕ ಹಿಡಿದು ಎಳೆಯಲು ಹೋದ.

"ಹಾಕ್ಬ್ಯಾಡ್ರೀ" ಅಂದಳು ಸರೋಜ.

"ಹಾಕ್ದಿದ್ರೆ ಹೆಂಗೇ? ಹಿರೇರು ಬರ್ಬೇಕಲ್ಲ."

"ತೆಗ್ದಿರ್ಲಿ. ಯಾರಾದ್ರೂ ಬಂದು ತೆಗೀತಾರೆ ಅಂತ ನಮ್ಮಪ್ಪ ಕಾದಿದ್ದು ಸಾಕು."

ಕುಮಾರ ಕೈ ತೆಗೆದ. ಬಾಗಿಲು ಪೂರ್ತಿ ತೆರೆದೇ ಇತ್ತು. ದೀಪ, ಎಲೆ, ಚೊಂಬು ಎಲ್ಲ ಬೀದಿಗೇ ಕಾಣುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ಉಂಡು ಹೋಗಿ ಎಂದು ಅವಳು ಅನ್ನಲಿಲ್ಲ. ನನಗೂ ಆ ಅನ್ನ ಇನ್ನು ಇಳಿಯುತ್ತಿರಲಿಲ್ಲ. ನಾಳೆ ಯಗಟಿಗೆ ಹೋಗುತ್ತೇನೆ. ಅಂದು ಚಪ್ಪಾಳೆ ಹೊಡೆದವರಲ್ಲಿ ಇನ್ನೂ ಕೆಲವರಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ, ತಿಮ್ಮ ಕುಡಿದಿರಲಿಲ್ಲ ಎಂದು ಹೇಳಿ ಬರಬೇಕು.